ದಕ್ಷಿಣ ಅಮೆರಿಕದ ಹಾವುಗಳಲ್ಲಿ ಆಹಾರವೂ ವಾಸಸ್ಥಾನವೂ ಜೊತೆಯಾಗಿ ಬದಲಾಗುತ್ತವೆಯೇ?

ಹಲವೆಡೆ ಹೌದು, ಎಲ್ಲೆಡೆಯೂ ಅಲ್ಲ. ಬ್ರೆಜಿಲ್‌ನ ಮುಖ್ಯಭೂಮಿಯ ಗುಳಿಮಂಡಲವಾದ (ಒಂದು ಬಗೆಯ ವಿಷದ ಹಾವು) ಜರರಾಕಾ ಮರಿಯಾಗಿದ್ದಾಗ ಕಪ್ಪೆ, ಹಲ್ಲಿ, ಶತಪದಿಗಳನ್ನೂ ಬೆಳೆದ ಮೇಲೆ ಮುಖ್ಯವಾಗಿ ಇಲಿಗಳನ್ನೂ ತಿನ್ನುತ್ತದೆ. ಸುಮಾರು 11,000 ವರ್ಷಗಳ ಹಿಂದೆ ಸಮುದ್ರಮಟ್ಟ ಏರಿ ಬೇರ್ಪಟ್ಟ ಕೇಮಾಡಾ ಗ್ರಾಂಡೆ ದ್ವೀಪದಲ್ಲಿ ಇಲಿಗಳಿಲ್ಲದ ಕಾರಣ, ಜರರಾಕಾದ ಸಮೀಪದ ಸಂಬಂಧಿಯಾದ ಬೋತ್ರೋಪ್ಸ್ ಇನ್ಸುಲಾರಿಸ್ ವಲಸೆ ಹಕ್ಕಿಗಳನ್ನು ಅವಲಂಬಿಸಿ ಮರವೇರುವುದನ್ನು ಹೆಚ್ಚಿಸಿಕೊಂಡಿತು; ಕಚ್ಚಿ ಬಿಟ್ಟರೆ ಹಕ್ಕಿ ಹಾರಿಹೋಗುವುದರಿಂದ ಅದು ಬೇಟೆಯನ್ನು ಬಾಯಲ್ಲೇ ಹಿಡಿದಿರುತ್ತದೆ. ಬ್ರೆಜಿಲ್‌ನದೇ ಇನ್ನೊಂದು ದ್ವೀಪವಾದ ಅಲ್ಕಟ್ರಾಜೆಸ್‌ನಲ್ಲಿರುವ ಜರರಾಕಾದ ಸಂಬಂಧಿಯ ಕಥೆ, ನನ್ನ ದೃಷ್ಟಿಯಲ್ಲಿ, ಇನ್ನೂ ಕುತೂಹಲಕರ: ಅದು ಬೆಳೆದ ಮೇಲೂ ಮರಿಗಳ ಆಹಾರವಾದ ಶತಪದಿಗಳನ್ನು ತಿನ್ನುತ್ತ, ಗಾತ್ರದಲ್ಲಿಯೂ ಕುಬ್ಜವಾಗಿಯೇ ಉಳಿದಿದೆ. ಡಿಪ್ಸಾಸ್ ಕುಲದ ಹಾವುಗಳಾದರೋ ಮರದ ಮೇಲಿರಲಿ, ನೆಲದ ಮೇಲಿರಲಿ, ಪೂರ್ವಜರಂತೆ ಹೆಚ್ಚಾಗಿ ಚಿಪ್ಪಿರುವ ಮತ್ತು ಚಿಪ್ಪಿಲ್ಲದ ಬಸವನಹುಳುಗಳನ್ನೇ ತಿನ್ನುತ್ತವೆ.