ಲಂಡನ್ ದರವೂ ನಮ್ಮ ಕಣದ ಕಾಫಿಯೂ

ಜಗತ್ತಿನ ಜನಾಭಿಪ್ರಾಯದಿಂದ ಒಂದು ದೇಶದ ನೈತಿಕ ಮಟ್ಟವನ್ನು ಅಳೆಯಬಹುದೇ ಎಂದು ಕೇಳಿದ್ದೀರಿ. ನಾನು ಕೊಡಗಿನ ಗೋಣಿಕೊಪ್ಪದ ಹತ್ತಿರ ಕಾಫಿ ಬೆಳೆಯುವವನು, ರಾಜ್ಯಶಾಸ್ತ್ರ ಓದಿದವನಲ್ಲ. ದೂರದವರು ಕಟ್ಟುವ ಬೆಲೆಗೂ ಮಾಲಿನ ಗುಣಕ್ಕೂ ಇರುವ ಅಂತರ ಮಾತ್ರ ಚೆನ್ನಾಗಿ ಗೊತ್ತು.

ನಮ್ಮ ರೊಬಸ್ಟಾ ಜಾತಿಯ ಕಾಫಿಯ ದರ ಏರಿಳಿಯುವುದು ಲಂಡನ್ ಮಾರುಕಟ್ಟೆಯನ್ನು ನೋಡಿಕೊಂಡು. ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ಇಲ್ಲಿ ಬೆಲೆ ಏರುತ್ತದೆ. ನನ್ನ ಕಣದಲ್ಲಿರುವ ಕಾಫಿಯಾದರೋ ನಿನ್ನೆ ಇದ್ದಂತೆಯೇ ಇರುತ್ತದೆ. ಮಾಲು ಹೇಗಿದೆ ಎಂದು ತಿಳಿಯಬೇಕಾದರೆ ವ್ಯಾಪಾರಿ ಚೀಲದಿಂದ ಒಂದಿಷ್ಟು ಚೆರಿ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು, ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ಔಟ್‌ಟರ್ನ್ ಲೆಕ್ಕ ಹಾಕುತ್ತಾನೆ: 50 ಕಿಲೋ ಚೀಲಕ್ಕೆ ಎಷ್ಟು ಕಿಲೋ ಬೀಜ ಎಂದು. ಜಗತ್ತಿನ ಅಭಿಪ್ರಾಯ ನನಗೆ ಲಂಡನ್ ದರದ ಹಾಗೆ ಕಾಣುತ್ತದೆ. ಅದರಿಂದ ಸಂತೆಯ ಮನಸ್ಸು ತಿಳಿಯುತ್ತದೆ, ಚೀಲದೊಳಗಿನದು ತಿಳಿಯುವುದಿಲ್ಲ.

1971ನ್ನೇ ನೋಡಿ. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. ಡಿಸೆಂಬರ್‌ನಲ್ಲಿ ಯುದ್ಧ ಶುರುವಾದಾಗ, ಕದನ ನಿಲ್ಲಿಸಿ ಸೇನೆಗಳು ತಮ್ಮ ತಮ್ಮ ಗಡಿಯೊಳಕ್ಕೆ ಮರಳಬೇಕೆಂಬ ನಿರ್ಣಯವನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 104 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದದ್ದು 11. ಅದರಲ್ಲಿ ಒಂದು ನಮ್ಮದು, ಉಳಿದವು ಭೂತಾನ್ ಬಿಟ್ಟರೆ ಸೋವಿಯತ್ ಬಳಗದವು. ಸೇನೆಯಲ್ಲಿದ್ದ ನನ್ನ ದೊಡ್ಡಪ್ಪ ಈ ಲೆಕ್ಕ ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಕೋಟಿ ಜನಕ್ಕೆ ಗಂಜಿ ಕಾಯಿಸುವಾಗ ಈ ನೂರಾನಾಲ್ಕು ಮಂದಿ ಎಲ್ಲಿದ್ದರು?” ಕೈ ಎತ್ತಿದ ಎಷ್ಟೋ ಸರ್ಕಾರಗಳಿಗೆ ಢಾಕಾಕ್ಕಿಂತ ತಮ್ಮ ಮನೆಯಲ್ಲೇ ಪ್ರತ್ಯೇಕ ರಾಜ್ಯ ಕೇಳುವವರ ಚಿಂತೆ ಹೆಚ್ಚಿತ್ತು.

ಇನ್ನೊಂದು ತಮಾಷೆ ಇದೆ. ವಿಶ್ವಸಂಸ್ಥೆ ಇರುವ ಅದೇ ನ್ಯೂಯಾರ್ಕ್‌ನಲ್ಲಿ ನಾಲ್ಕು ತಿಂಗಳ ಮೊದಲು, ಆಗಸ್ಟ್ 1ರಂದು, ಬಾಂಗ್ಲಾ ನಿರಾಶ್ರಿತರಿಗಾಗಿ ಪಂಡಿತ್ ರವಿಶಂಕರ್ ಮತ್ತು ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ನಡೆಸಿದ ಸಂಗೀತ ಕಛೇರಿಗೆ ಜನ ಕಿಕ್ಕಿರಿದಿದ್ದರು. ಆ ಜನರದೇ ಅಮೆರಿಕ ಸರ್ಕಾರ ಪಾಕಿಸ್ತಾನದ ಬೆನ್ನಿಗೆ ನಿಂತಿತ್ತು. ಜಾಗತಿಕ ಜನಾಭಿಪ್ರಾಯ ಎಂದರೆ ಯಾರದು, ಕೈ ಎತ್ತಿದ ರಾಯಭಾರಿಯದೋ ಟಿಕೆಟ್ ಕೊಂಡ ಹುಡುಗನದೋ?

ಹಾಗೆಂದು ಹೊರಗಿನವರ ಮಾತನ್ನು ಗಾಳಿಗೆ ತೂರಲೂ ಆಗುವುದಿಲ್ಲ. ನಾಲ್ಕೇ ವರ್ಷಕ್ಕೆ, 1975ರ ಜೂನ್‌ನಲ್ಲಿ, ಯುದ್ಧದ ಕಾಲದ ಅದೇ ಪ್ರಧಾನಿ ಇಂದಿರಾ ಗಾಂಧಿ ತುರ್ತು ಪರಿಸ್ಥಿತಿ ಹೇರಿದರು. ವಿದೇಶಿ ಪತ್ರಿಕೆಗಳು ಟೀಕಿಸಿದರೆ ಇಲ್ಲಿ ‘ವಿದೇಶಿ ಕೈವಾಡ’ದ ಮಾತು. ಆ ಸಲ ಹೊರಗಿನವರು ಹೇಳಿದ್ದು ಸರಿಯಾಗಿತ್ತು. ಅದನ್ನು ತಿಳಿಯಲು ಅವರ ಸಂಪಾದಕೀಯವೇನೂ ಬೇಕಿರಲಿಲ್ಲ. ವಾಜಪೇಯಿ, ಅಡ್ವಾಣಿ ಅವರನ್ನು ಕೂಡಿಹಾಕಿದ್ದ ಬೆಂಗಳೂರು ಜೈಲಿನ ಹಾಜರಿ ಪುಸ್ತಕವೊಂದೇ ಸಾಕಿತ್ತು.

ಕೈವಾಡ ಎಂದವರನ್ನು ನಾನು ಆಡಿಕೊಳ್ಳುವಂತಿಲ್ಲ, ಬಿಡಿ. ಒಂದು ವರ್ಷ ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಹಿಡಿಯಿತು. ಸಾಲದ ಕಂತಿನ ಅವಸರದಲ್ಲಿ, ಪೂರ್ತಿ ಒಣಗದ ಕಾಫಿಯನ್ನೇ ಚೀಲಕ್ಕೆ ತುಂಬಿಸಿ ಒಯ್ದೆ. ವ್ಯಾಪಾರಿಯ ಮೀಟರ್ ತೇವಾಂಶ 14 ಎಂದು ತೋರಿಸಿತು. ನಿಮ್ಮ ಮೀಟರ್ ಕೆಟ್ಟಿದೆ ಎಂದು ಜಗಳ ತೆಗೆದೆ. ಅವನು ಮರುಮಾತಾಡದೆ ಪಕ್ಕದ ಅಂಗಡಿಯಿಂದ ಇನ್ನೊಂದು ಮೀಟರ್ ತರಿಸಿದ. ಅದು ಹದಿನಾಲ್ಕೂವರೆ ತೋರಿಸಿತು. ಚೀಲಗಳನ್ನು ಮತ್ತೆ ಜೀಪಿಗೆ ಹೇರಿಕೊಂಡು ಬಂದು ಮೂರು ದಿನ ಕಣದಲ್ಲಿ ಹರಡಿದೆ.