ಓದಲು ಮಾತ್ರ ಕೊಟ್ಟ ಮೆಮೊರಿಗೆ ಬರೆಯುವ ಕಳ್ಳದಾರಿ

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅಳತೆಗಳನ್ನು ದಾಖಲಿಸುವ ಹಳೆಯ ಪಿಸಿಐ ಕಾರ್ಡ್ ಇದೆ. ಅದರ ಲಿನಕ್ಸ್ ಡ್ರೈವರನ್ನು ಹಿರಿಯ ವಿದ್ಯಾರ್ಥಿಗಳು ಲಿನಕ್ಸಿನ ತಿರುಳಾದ 4.19 ಕರ್ನಲ್‌ಗೆಂದು ಬರೆದಿದ್ದರು. ಈಗ 6.6 ಕರ್ನಲ್‌ನಲ್ಲಿ ಕಂಪೈಲ್ ಮಾಡಿದರೆ, ಕಾರ್ಡಿನ ಮೆಮೊರಿಯನ್ನು ಪ್ರೋಗ್ರಾಂನ ವಿಳಾಸಗಳಿಗೆ ಜೋಡಿಸುವ (ಮ್ಯಾಪ್ ಮಾಡುವ) ಎಂಮ್ಯಾಪ್ ಫಂಕ್ಷನ್ನಿನೊಳಗೆ, ಆ ಮ್ಯಾಪಿಂಗಿನ ಗುಣಗಳನ್ನು ಹೇಳುವ ವಿಎಂ_ಫ್ಲ್ಯಾಗ್ಸ್‌ಗೆ ವಿಎಂ_ಐಒ, ವಿಎಂ_ಡೋಂಟ್‌ಎಕ್ಸ್‌ಪ್ಯಾಂಡ್ ಮತ್ತು ವಿಎಂ_ಡೋಂಟ್‌ಡಂಪ್‌ಗಳನ್ನು ಸೇರಿಸುವ ಸಾಲಿಗೆ ದೋಷ ತೋರಿಸುತ್ತದೆ. ಪಾಯಿಂಟರನ್ನು ಕಾಸ್ಟ್ ಮಾಡಿ (ಅದರ ಟೈಪ್ ಬೇರೆಯೆಂದು ಕಂಪೈಲರನ್ನು ನಂಬಿಸಿ) ಬರೆದರೆ ಎಲ್ಲವೂ ನಡೆಯುತ್ತದೆ. ಹಾಗೆಯೇ ಬಿಡಬಹುದೇ? ಕಾರ್ಡಿನ ರಿಜಿಸ್ಟರ್‌ಗಳನ್ನು ಪ್ರೋಗ್ರಾಂಗಳು ಓದಬೇಕೇ ಹೊರತು ಬರೆಯಬಾರದು. ಆದ್ದರಿಂದ ಬರೆಯುವ ಹಕ್ಕನ್ನು ಸೂಚಿಸುವ ವಿಎಂ_ರೈಟ್ ಇದ್ದರೆ ‘ಅನುಮತಿಯಿಲ್ಲ’ ಎಂಬ ದೋಷಸಂಕೇತವಾದ ಇಪರ್ಮ್ ಹಿಂದಿರುಗಿಸಿ, ಇಲ್ಲದಿದ್ದರೆ ಜೋಡಣೆಯನ್ನು ನಿಜವಾಗಿ ಮಾಡುವ ರೀಮ್ಯಾಪ್_ಪಿಎಫ್ಎನ್_ರೇಂಜ್ ಕರೆಯುತ್ತೇವೆ.
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಬಿಡಬೇಡಿ. ಆದರೆ ನಿಮ್ಮ ಡ್ರೈವರಿನ ನಿಜವಾದ ತೊಂದರೆ ಇರುವುದು ಕಂಪೈಲರ್ ಬೆರಳು ತೋರಿಸಿದ ಸಾಲಿನಲ್ಲಲ್ಲ, ಪ್ರಶ್ನೆಯ ಕೊನೆಗೆ ನೀವು ಹೇಳಿದ ಆ ಪರೀಕ್ಷೆಯಲ್ಲಿ.

ಮೊದಲು ಕಂಪೈಲರಿನ ತಕರಾರನ್ನು ನೋಡೋಣ. 2023ರ ಏಪ್ರಿಲ್‌ನಲ್ಲಿ ಬಂದ 6.3 ಕರ್ನಲ್‌ನಿಂದ ವಿಎಂ_ಫ್ಲ್ಯಾಗ್ಸ್ ಕಾನ್ಸ್ಟ್ (ನೇರವಾಗಿ ಬದಲಿಸಲಾಗದ್ದು) ಆಗಿದ್ದು, ಅದನ್ನು ಬದಲಿಸಲು ವಿಎಂ_ಫ್ಲ್ಯಾಗ್ಸ್_ಸೆಟ್, ವಿಎಂ_ಫ್ಲ್ಯಾಗ್ಸ್_ಕ್ಲಿಯರ್ ಮುಂತಾದ ಫಂಕ್ಷನ್‌ಗಳನ್ನೇ ಬಳಸಬೇಕು. ಕಾರಣ ಇದು: ಮೊದಲೆಲ್ಲ ಪೇಜ್ ಫಾಲ್ಟ್ (ಮುಟ್ಟಿದ ಪೇಜಿಗೆ ಇನ್ನೂ ಜೋಡಣೆ ಇಲ್ಲದಿರುವುದು) ಆದಾಗಲೆಲ್ಲ ಪ್ರೋಗ್ರಾಂನ ಇಡೀ ಅಡ್ರೆಸ್ ಸ್ಪೇಸಿನ ಒಂದು ದೊಡ್ಡ ಲಾಕನ್ನು ಓದುವ ರೂಪದಲ್ಲಿ ಹಿಡಿಯಬೇಕಾಗಿತ್ತು. ಹತ್ತಾರು ಥ್ರೆಡ್‌ಗಳಿರುವ ಪ್ರೋಗ್ರಾಂಗಳಲ್ಲಿ ಎಲ್ಲರೂ ಅದೊಂದೇ ಲಾಕಿಗೆ ಸಾಲುಗಟ್ಟುತ್ತಿದ್ದರು. 6.4ರಲ್ಲಿ ಪ್ರತಿಯೊಂದು ಮ್ಯಾಪಿಂಗ್ ತುಣುಕಿಗೂ ತನ್ನದೇ ಲಾಕ್ ಬಂದಿತು. ಹಾಗಾಗಿ ಫ್ಲ್ಯಾಗ್ ಬದಲಿಸುವವರು ದೊಡ್ಡ ಲಾಕನ್ನು ಬರೆಯುವ ರೂಪದಲ್ಲಿ ಹಿಡಿದಿದ್ದರೂ ಸಾಲದು, ಆ ತುಣುಕನ್ನೂ ಬರವಣಿಗೆಗೆ ಕಾಯ್ದಿರಿಸಬೇಕು. ಹೊಸ ಫಂಕ್ಷನ್‌ಗಳು ದೊಡ್ಡ ಲಾಕನ್ನು ತಾವೇ ಹಿಡಿಯುವುದಿಲ್ಲ, ಆದರೆ ತುಣುಕನ್ನು ಕಾಯ್ದಿರಿಸುತ್ತವೆ; ನಿಮ್ಮ ಕಾಸ್ಟ್ ಅದನ್ನೂ ಮಾಡುವುದಿಲ್ಲ. ಎಂಮ್ಯಾಪ್ ಫಂಕ್ಷನ್ ಕರೆಯಲ್ಪಡುವಾಗ ಕರ್ನಲ್ ದೊಡ್ಡ ಲಾಕನ್ನು ಹಿಡಿದೇ ಇರುವುದರಿಂದ ಮತ್ತು ತುಣುಕು ಇನ್ನೂ ಯಾರ ಕಣ್ಣಿಗೂ ಬಿದ್ದಿರದಿರುವುದರಿಂದ ನಿಮಗೆ ಇದುವರೆಗೆ ಕೆಡುಕಾಗಿಲ್ಲ, ಅಷ್ಟೇ.

ಇಷ್ಟಾದರೂ, ಆ ಸಾಲನ್ನು ಹೊಸ ಫಂಕ್ಷನ್ನಿಗೆ ಬದಲಾಯಿಸಿ ಎಂದು ನಾನು ಹೇಳುವುದಿಲ್ಲ, ಅಳಿಸಿಬಿಡಿ. ವಿಎಂ_ರಿಸರ್ವ್ಡ್ ಎಂಬ ಹಳೆಯ ಫ್ಲ್ಯಾಗನ್ನು 2012ರಲ್ಲಿ, 3.7 ಕರ್ನಲ್‌ನಲ್ಲಿ ತೆಗೆದುಹಾಕಿದಂದಿನಿಂದ ರೀಮ್ಯಾಪ್_ಪಿಎಫ್ಎನ್_ರೇಂಜ್ ತಾನಾಗಿಯೇ ಈ ಮೂರು ಫ್ಲ್ಯಾಗ್‌ಗಳನ್ನೂ ಅವುಗಳೊಡನೆ ವಿಎಂ_ಪಿಎಫ್ಎನ್‌ಮ್ಯಾಪನ್ನೂ ಹಾಕುತ್ತದೆ. ನಿಮ್ಮ ಹಿರಿಯರು 4.19ಕ್ಕೆ ಬರೆಯುವಾಗಲೇ ಆ ಸಾಲು ಬೇಕಿರಲಿಲ್ಲ. ಹಳೆಯ ಡ್ರೈವರ್‌ಗಳಿಂದ ನಕಲಾಗುತ್ತ ಬರುವ ಇಂಥ ಸಾಲುಗಳು ಬಹಳ.

ಇನ್ನು ಮುಖ್ಯ ವಿಷಯ. ಮ್ಯಾಪಿಂಗಿನ ಫ್ಲ್ಯಾಗ್‌ಗಳಲ್ಲಿ ‘ಈಗ ಏನು ಮಾಡಬಹುದು’ ಎಂಬುದಕ್ಕೆ ಒಂದು ಗುಂಪು, ‘ಮುಂದೆ ಏನನ್ನು ಕೇಳಿ ಪಡೆಯಬಹುದು’ ಎಂಬುದಕ್ಕೆ ಇನ್ನೊಂದು ಗುಂಪು ಇದೆ. ವಿಎಂ_ರೈಟ್‌ನ ಬೆಲೆ ಹದಿನಾರರ ಲೆಕ್ಕದಲ್ಲಿ 2, ವಿಎಂ_ಮೇರೈಟ್‌ನ ಬೆಲೆ 20. ಅಂದರೆ ಎರಡನೆಯದು ನಾಲ್ಕು ಬಿಟ್ ಎಡಕ್ಕಿದೆ. ಮ್ಯಾಪಿಂಗಿನ ಹಕ್ಕುಗಳನ್ನು ಬದಲಿಸುವ ಎಂಪ್ರೊಟೆಕ್ಟ್ ಕರೆ ಬಂದಾಗ ಕರ್ನಲ್ ಈ ನಾಲ್ಕು ಬಿಟ್‌ಗಳ ಅಂತರವನ್ನೇ ಬಳಸಿ, ಕೇಳಿದ ಹಕ್ಕಿಗೆ ಸರಿಯಾದ ‘ಮೇ’ ಬಿಟ್ ಇದೆಯೇ ಎಂದು ನೋಡುತ್ತದೆ. ಡ್ರೈವರ್ ಅದಕ್ಕೆಂದು ತನ್ನದೇ ಫಂಕ್ಷನ್ ಒದಗಿಸಿರದಿದ್ದರೆ ಡ್ರೈವರನ್ನು ಅದು ಕೇಳುವುದಿಲ್ಲ. ನೀವು ಪರೀಕ್ಷಿಸಿದ್ದು ಮೊದಲ ಬಿಟ್ಟನ್ನು ಮಾತ್ರ. ಆದ್ದರಿಂದ ಓದಲೆಂದು ಮ್ಯಾಪ್ ಮಾಡಿಕೊಂಡ ಪ್ರೋಗ್ರಾಂ, ಮರುಕ್ಷಣವೇ ಎಂಪ್ರೊಟೆಕ್ಟ್ ಕರೆದು ಬರೆಯುವ ಹಕ್ಕನ್ನು ಪಡೆದು ನಿಮ್ಮ ರಿಜಿಸ್ಟರ್‌ಗಳಿಗೆ ಏನನ್ನಾದರೂ ತುಂಬಬಹುದು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಗಿದೆ.

ಪರಿಹಾರ ಒಂದೇ ಸಾಲಿನದು: ಇಪರ್ಮ್ ಪರೀಕ್ಷೆಯ ಬಳಿಕ, ರೀಮ್ಯಾಪ್‌ಗೆ ಮುಂಚೆ, ವಿಎಂ_ಫ್ಲ್ಯಾಗ್ಸ್_ಕ್ಲಿಯರ್ ಕರೆದು ವಿಎಂ_ಮೇರೈಟನ್ನು ತೆಗೆಯಿರಿ. ಹಳೆಯ ಕರ್ನಲ್‌ಗಳಿಗೂ ಡ್ರೈವರ್ ಬೇಕಿದ್ದರೆ ಅದೇ ಹೆಸರಿನ ಚಿಕ್ಕ ಫಂಕ್ಷನ್ನನ್ನು ನೀವೇ ಬರೆದುಕೊಳ್ಳಬಹುದು. ಆದರೆ ಅದನ್ನು ಆವೃತ್ತಿಯ ಸಂಖ್ಯೆಗೆ ಕಟ್ಟಬೇಡಿ. ಕೆಲವು ಲಿನಕ್ಸ್ ವಿತರಣೆಗಳು ಹೊಸ ಫಂಕ್ಷನ್‌ಗಳನ್ನು ಹಳೆಯ ಸಂಖ್ಯೆಯ ಕರ್ನಲ್‌ಗಳಿಗೂ ತಂದಿರುವುದರಿಂದ, ಆ ಫಂಕ್ಷನ್ ಇದೆಯೇ ಎಂದು ಬಿಲ್ಡ್ ಸಮಯದಲ್ಲೇ ನೋಡುವುದು ಕ್ಷೇಮ.

ತಿದ್ದಿದ ಮೇಲೆ ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. ಸಾಧನದ ಫೈಲನ್ನು ಓದಲು ಮಾತ್ರ ತೆರೆದು ಹಂಚಿಕೆಯ (ಮ್ಯಾಪ್_ಶೇರ್ಡ್) ಮ್ಯಾಪಿಂಗ್ ಮಾಡಿದರೆ ಕರ್ನಲ್ ತಾನೇ ವಿಎಂ_ಮೇರೈಟನ್ನು ತೆಗೆದುಬಿಡುತ್ತದೆ. ಆಗ ಎಂಪ್ರೊಟೆಕ್ಟ್ ಹೇಗೂ ಇಎಕ್ಸೆಸ್ ಎಂಬ ನಿರಾಕರಣೆಯ ದೋಷಸಂಕೇತ ಕೊಡುವುದರಿಂದ ತಿದ್ದದ ಡ್ರೈವರೂ ಪಾಸಾಗುತ್ತದೆ. ಫೈಲನ್ನು ಓದು-ಬರೆಹ ಎರಡಕ್ಕೂ ತೆರೆದು, ಓದುವ ಹಕ್ಕಿನಿಂದ ಮಾತ್ರ ಹಂಚಿಕೆಯ ಮ್ಯಾಪಿಂಗ್ ಮಾಡಿ, ಅನಂತರ ಎಂಪ್ರೊಟೆಕ್ಟ್ ಕರೆಯಿರಿ. ಅದು ಸೊನ್ನೆ ಹಿಂದಿರುಗಿಸಿದರೆ ದಾರಿ ಇನ್ನೂ ತೆರೆದಿದೆ ಎಂದರ್ಥ.

ಪ್ರಶ್ನೆ: ಕ್ಯಾಲಿಬ್ರೇಷನ್ ಸಮಯದಲ್ಲಿ ಮಾತ್ರ ಬರೆಯಬೇಕಾಗುತ್ತದೆ. ಡ್ರೈವರಿಗೆ ಆದೇಶ ಕಳಿಸುವ ಐಒಸಿಟಿಎಲ್ ಕರೆಯ ಮೂಲಕ ಆಮೇಲೆ ವಿಎಂ_ರೈಟ್ ಸೇರಿಸಬಹುದೇ? — ಅದೇ ಓದುಗರು

ಉತ್ತರ: ಬೇಡ. ಐಒಸಿಟಿಎಲ್ ಒಳಗೆ ಮೇಲೆ ಹೇಳಿದ ಲಾಕ್ ಯಾವುದೂ ನಿಮ್ಮ ಕೈಯಲ್ಲಿರುವುದಿಲ್ಲ. ಮೇಲಾಗಿ ಫ್ಲ್ಯಾಗ್ ಬದಲಿಸಿದ ಮಾತ್ರಕ್ಕೆ, ಪ್ರೊಸೆಸರ್ ನೋಡುವ ಪೇಜ್ ಟೇಬಲ್‌ನಲ್ಲಿ ಆಗಲೇ ಕೂತಿರುವ ನಮೂದುಗಳು ಬದಲಾಗುವುದಿಲ್ಲ. ಕ್ಯಾಲಿಬ್ರೇಷನ್ ರಿಜಿಸ್ಟರ್‌ಗಳು ಬೇರೆ ಪೇಜಿನಲ್ಲಿದ್ದರೆ ಅದಕ್ಕೆ ಬೇರೆಯ ಆಫ್‌ಸೆಟ್ ಕೊಟ್ಟು ಪ್ರತ್ಯೇಕವಾಗಿ ಮ್ಯಾಪ್ ಮಾಡಿಸಿ. ಒಂದೇ ಪೇಜಿನಲ್ಲಿದ್ದರೆ, ಬರೆಯುವ ಬೆಲೆಯನ್ನು ಐಒಸಿಟಿಎಲ್‌ನಲ್ಲಿ ಪಡೆದು, ಪರಿಶೀಲಿಸಿ, ಡ್ರೈವರೇ ರಿಜಿಸ್ಟರಿಗೆ ಬರೆಯಲಿ.