ಕಾರ್ಮಿಕರ ವಿಮೆ ಇಲ್ಲದಿದ್ದರೆ ಮಾಲೀಕರಿಗೆ ಎಷ್ಟು ದಂಡ?

ಪ್ರಶ್ನೆ: ತುಮಕೂರಿನಲ್ಲಿ ಸಣ್ಣ ಶೀಟ್ ಮೆಟಲ್ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಆರು ಜನ ಕೆಲಸಕ್ಕಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಪವರ್ ಪ್ರೆಸ್‌ಗೆ ಕೈ ಸಿಕ್ಕಿ 30 ವರ್ಷದ ಆಪರೇಟರ್ ಬಲಗೈಯ ಎರಡು ಬೆರಳು ಕಳೆದುಕೊಂಡ. ಸಂಬಳ ತಿಂಗಳಿಗೆ ₹16,000. ಆಸ್ಪತ್ರೆ ಬಿಲ್ ₹1.4 ಲಕ್ಷ ನಾನೇ ಕಟ್ಟಿದೆ. ವಿಮೆ ಮಾಡಿಸಿರಲಿಲ್ಲ. ಅದಕ್ಕೆ ದೊಡ್ಡ ದಂಡ ಬೀಳುತ್ತದೆ, ಜೈಲೂ ಆಗಬಹುದು ಅನ್ನುತ್ತಿದ್ದಾರೆ. ಈಗ ಪಾಲಿಸಿ ಮಾಡಿಸಿದರೆ ಉಪಯೋಗವಿದೆಯೇ?

ಉತ್ತರ: ಈಗ ಮಾಡಿಸುವ ಪಾಲಿಸಿ ಮುಂದಿನ ಅಪಘಾತಕ್ಕೆ ಆಗುತ್ತದೆ, ಆಗಿಹೋದದ್ದಕ್ಕೆ ಆಗುವುದಿಲ್ಲ. ದಿನಾಂಕ ಹಿಂದಕ್ಕೆ ಹಾಕಿಸಿಕೊಡುತ್ತೇನೆ ಎನ್ನುವ ಏಜೆಂಟ್ ಸಿಕ್ಕರೆ ದೂರವಿರಿ. ಪರಿಹಾರದ ಕೇಸಿನ ಜೊತೆಗೆ ವಂಚನೆಯ ಕೇಸೂ ಸೇರಿಕೊಳ್ಳುತ್ತದೆ.

ಜೈಲಿನ ಭಯ ಬಿಡಿ. ನಿಮ್ಮ ಪ್ರಕರಣಕ್ಕೆ ಅನ್ವಯಿಸುವುದು 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆಯಾದರೂ ಅಪಘಾತವಾದ ದಿನ ಯಾವ ಕಾನೂನಿತ್ತೋ ಅದೇ ಲೆಕ್ಕಕ್ಕೆ ಬರುತ್ತದೆ. ಹತ್ತು ಜನಕ್ಕಿಂತ ಕಡಿಮೆ ಇರುವ ನಿಮ್ಮಂಥ ವರ್ಕ್‌ಶಾಪ್ ವಿಮೆ ಮಾಡಿಸಲೇಬೇಕೆಂದು ಆ ಕಾಯ್ದೆ ಎಲ್ಲೂ ಹೇಳುವುದಿಲ್ಲ. ಹಾಗಾಗಿ ಪಾಲಿಸಿ ಇಲ್ಲ ಎಂಬ ಒಂದೇ ಕಾರಣಕ್ಕೆ ದಂಡವಿಲ್ಲ. ಕಾಯ್ದೆ ಹೇಳುವುದು ಇಷ್ಟೇ: ಕೆಲಸದಲ್ಲಿ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು. ಪಾಲಿಸಿ ಇದ್ದವರಿಗೆ ಕಂಪನಿ ಕೊಡುತ್ತದೆ, ಇಲ್ಲದವರು ಜೇಬಿನಿಂದ ಕೊಡುತ್ತಾರೆ. ದಂಡ ಬರುವುದು ಕೊಡುವುದನ್ನು ಮುಂದೂಡಿದಾಗ.

ನಿಮ್ಮ ಲೆಕ್ಕ ನೋಡೋಣ. 2020ರ ಜನವರಿ 3ರಿಂದ ಪರಿಹಾರದ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಸಂಬಳ ₹15,000. ಅದರ ಶೇ 60 ಅಂದರೆ ₹9,000. ಇದನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. 30 ವರ್ಷಕ್ಕೆ ಅದು 207.98. ಬರುವ ಮೊತ್ತ ₹18,71,820, ಇದು ಪೂರ್ಣ ಶಾಶ್ವತ ಅಂಗವೈಕಲ್ಯದ ಪರಿಹಾರ. ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯ ನಷ್ಟ ಶೇ 20 ಎಂದು ಕಾಯ್ದೆಯ ಮೊದಲ ಅನುಸೂಚಿ ಹೇಳುತ್ತದೆ. ಹಾಗಾಗಿ ಕನಿಷ್ಠ ಪರಿಹಾರ ₹3,74,364. ‘ಕನಿಷ್ಠ’ ಎನ್ನಲು ಕಾರಣವಿದೆ: ಬಲಗೈ ಬೆರಳಿಲ್ಲದೆ ಈತ ಮತ್ತೆ ಪ್ರೆಸ್ ಆಪರೇಟರ್ ಆಗಲಾರ ಎಂದು ವೈದ್ಯರ ಸಾಕ್ಷ್ಯ ಬಂದರೆ, ಪರಿಹಾರದ ಅರ್ಜಿ ಕೇಳುವ ಆಯುಕ್ತರು ಇನ್ನೂ ಹೆಚ್ಚಿನ ಶೇಕಡಾವಾರು ಹಿಡಿಯಬಹುದು.

ಇದನ್ನು ಅಪಘಾತವಾದ ಒಂದು ತಿಂಗಳೊಳಗೆ ಕೊಡಬೇಕಿತ್ತು. ಕೊಡದಿದ್ದರೆ ವರ್ಷಕ್ಕೆ ಶೇ 12 ಸರಳ ಬಡ್ಡಿ, ನಿಮ್ಮ ಮೊತ್ತಕ್ಕೆ ವರ್ಷಕ್ಕೆ ಸುಮಾರು ₹45,000. ಬಡ್ಡಿ ತೀರ್ಪು ಬಂದ ದಿನದಿಂದ ಶುರು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಹೊಣೆ ಹುಟ್ಟುವುದು ಅಪಘಾತದ ದಿನವೇ ಎಂದು ಸುಪ್ರೀಂ ಕೋರ್ಟ್ 1975ರಷ್ಟು ಹಿಂದೆಯೇ ಹೇಳಿದೆ. ತಡಕ್ಕೆ ಸರಿಯಾದ ಕಾರಣ ಇಲ್ಲವೆಂದು ಕಂಡರೆ ಪರಿಹಾರದ ಶೇ 50ರವರೆಗೆ ದಂಡ, ನಿಮ್ಮ ವಿಷಯದಲ್ಲಿ ₹1,87,182ರವರೆಗೆ. ದಂಡ ಹಾಕುವ ಮುನ್ನ ಕಾರಣ ಕೇಳಿ ನೋಟಿಸ್ ಬರುತ್ತದೆ. ಅದಕ್ಕೆ ಉತ್ತರ ಕೊಡದೆ ಸುಮ್ಮನೆ ಕೂರಬೇಡಿ. ‘ಹಣ ಇರಲಿಲ್ಲ’, ‘ತಪ್ಪು ಅವನದೇ’ ಎಂಬ ಉತ್ತರಗಳಿಗೆ ಅಲ್ಲಿ ಬೆಲೆ ಸಿಗುವುದು ಅಪರೂಪ. ಈ ಬಡ್ಡಿ, ದಂಡ ಎರಡೂ ಸರ್ಕಾರಕ್ಕೆ ಹೋಗುವುದಿಲ್ಲ, ಕಾರ್ಮಿಕನಿಗೇ ಸೇರುತ್ತವೆ.

ಆಸ್ಪತ್ರೆಗೆ ಕಟ್ಟಿದ ₹1.4 ಲಕ್ಷ ಪರಿಹಾರದಲ್ಲಿ ವಜಾ ಆಗುವುದಿಲ್ಲ. ಚಿಕಿತ್ಸೆಯ ನಿಜವಾದ ವೆಚ್ಚ ಭರಿಸುವುದು ಮಾಲೀಕನ ಪ್ರತ್ಯೇಕ ಹೊಣೆ. ಮನೆಯಲ್ಲಿದ್ದ ಅವಧಿಗೆ ಕೊಟ್ಟ ಅರ್ಧಮಾಸಿಕ ಪರಿಹಾರ, ಅಂದರೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ 25, ವಜಾ ಆಗುತ್ತದೆ, ಆದರೆ ದಾಖಲೆ ಇದ್ದರೆ ಮಾತ್ರ. ಕೈಯಲ್ಲಿ ಕೊಟ್ಟು ಚೀಟಿಯಲ್ಲಿ ಬರೆದಿಟ್ಟದ್ದು ಪಾಟೀ ಸವಾಲಿನಲ್ಲಿ ನಿಲ್ಲುವುದಿಲ್ಲ. ಬ್ಯಾಂಕ್ ಮೂಲಕವೇ ಕೊಡಿ.

‘ಅಜಾಗರೂಕತೆ ಅವನದೇ’ ಎಂಬುದು ಈ ಕಾಯ್ದೆಯಲ್ಲಿ ವಾದವೇ ಅಲ್ಲ. ಕುಡಿದಿದ್ದ, ಬೇಕೆಂದೇ ಸುರಕ್ಷತಾ ಆದೇಶ ಮೀರಿದ, ಯಂತ್ರದ ಸುರಕ್ಷಾ ಗಾರ್ಡನ್ನು ತಾನೇ ತೆಗೆದ: ಇವನ್ನು ಸಾಬೀತು ಮಾಡಿದರೆ ಮಾತ್ರ ಹೊಣೆ ತಪ್ಪುತ್ತದೆ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ಅದೂ ಇಲ್ಲ. ಹಳೆಯ ಪ್ರೆಸ್‌ಗಳಲ್ಲಿ ಎರಡು ಕೈಯಿಂದ ಒತ್ತಬೇಕಾದ ಬಟನ್‌ಗಳಲ್ಲಿ ಒಂದನ್ನು ಟೇಪ್ ಸುತ್ತಿ ಅದುಮಿಟ್ಟಿರುತ್ತಾರೆ. ಒಂದು ಕೈ ಬಿಡುವಾಗಿ ತುಂಡು ಬೇಗ ಹಾಕಬಹುದು ಎಂಬ ಲೆಕ್ಕ. ಮಾಲೀಕನ ಕಣ್ಣೆದುರೇ ತಿಂಗಳುಗಟ್ಟಲೆ ಹಾಗೆ ಓಡಿದ ಯಂತ್ರವಾದರೆ ‘ಕಾರ್ಮಿಕನೇ ತೆಗೆದ’ ಎನ್ನಲು ಬಾಯಿರುವುದಿಲ್ಲ.

ಈಗ ಮಾಡಬೇಕಾದ್ದು: ವೈದ್ಯರಿಂದ ಅಂಗವೈಕಲ್ಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಸಂಬಳದ ದಾಖಲೆ ಒಟ್ಟು ಮಾಡಿ. ನೀವು ಒಪ್ಪುವ ಮೊತ್ತವನ್ನು ಕೂಡಲೇ ಆಯುಕ್ತರ ಬಳಿ ಠೇವಣಿ ಇಡಿ ಅಥವಾ ಕಾರ್ಮಿಕನಿಗೆ ಕೊಡಿ. ಪೂರ್ತಿ ಒಪ್ಪದಿದ್ದರೂ ಒಪ್ಪುವಷ್ಟನ್ನು ಕೊಡಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. ದಂಡ ಕಡಿಮೆ ಮಾಡಿಸಿಕೊಳ್ಳಲು ನಿಮ್ಮ ಕೈಯಲ್ಲಿರುವ ಗಟ್ಟಿ ದಾರಿ ಇದೊಂದೇ. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಆಯುಕ್ತರಾಗಿ ಇಂಥ ಅರ್ಜಿ ಕೇಳುತ್ತಾರೆ, ಕಾರ್ಮಿಕನಿಗೆ ಅರ್ಜಿ ಹಾಕಲು ಎರಡು ವರ್ಷ ಅವಕಾಶವಿದೆ.

ಮಾತುಕತೆಯಲ್ಲಿ ಮುಗಿಸುವುದಾದರೆ ಒಪ್ಪಂದ ಪತ್ರವನ್ನು ಆಯುಕ್ತರ ಬಳಿ ನೋಂದಾಯಿಸಿ. ಎಡವುವವರು ಹೆಚ್ಚು ಇಲ್ಲೇ. ಛಾಪಾ ಕಾಗದದ ಮೇಲೆ ‘ಎರಡು ಲಕ್ಷ ಪಡೆದಿದ್ದೇನೆ, ಇನ್ನೇನೂ ಕೇಳುವುದಿಲ್ಲ’ ಎಂದು ಸಹಿ ಹಾಕಿಸಿಕೊಂಡು ನಿಶ್ಚಿಂತರಾಗಿರುತ್ತಾರೆ. ನೋಂದಣಿಯಾಗದಿದ್ದರೆ ಪೂರ್ಣ ಪರಿಹಾರದ ಹೊಣೆ ಹಾಗೇ ಉಳಿಯುತ್ತದೆ. ಅಷ್ಟೇ ಅಲ್ಲ, ಆಯುಕ್ತರು ಬೇರೆ ಆದೇಶ ಮಾಡದಿದ್ದರೆ, ಕೊಟ್ಟ ಎರಡು ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ವಜಾ ಸಿಗುವುದಿಲ್ಲ.

ಆದೇಶವಾದ ಮೇಲೂ ಕಟ್ಟದಿದ್ದರೆ ಭೂಕಂದಾಯ ಬಾಕಿಯಂತೆ ವಸೂಲಿ. ಮೇಲ್ಮನವಿಗೆ ಹೈಕೋರ್ಟಿಗೆ ಹೋಗಬೇಕೆಂದರೂ ಮಾಲೀಕ ಪೂರ್ತಿ ಮೊತ್ತ ಠೇವಣಿ ಇಟ್ಟ ಪ್ರಮಾಣಪತ್ರ ಲಗತ್ತಿಸಬೇಕು. ಒಬ್ಬರೇ ಮಾಲೀಕರಾಗಿರುವ ಸಂಸ್ಥೆಗೆ ವ್ಯವಹಾರದ ಆಸ್ತಿ ಬೇರೆ, ಮನೆಯ ಆಸ್ತಿ ಬೇರೆ ಎಂಬ ಗೋಡೆ ಇಲ್ಲ ಎಂಬುದು ನೆನಪಿರಲಿ.

ಇನ್ನೊಂದು ದಂಡ ಯಾರ ಗಮನಕ್ಕೂ ಬರುವುದಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಪರಿಹಾರದ ಹಕ್ಕಿನ ಬಗ್ಗೆ ಬರಹದಲ್ಲಿ ತಿಳಿಸಬೇಕೆಂದು 2017ರ ತಿದ್ದುಪಡಿ ಹೇಳಿತು. ತಪ್ಪಿದರೆ ಹಳೆಯ ಕಾಯ್ದೆಯಲ್ಲಿ ₹50,000ದಿಂದ ₹1 ಲಕ್ಷದವರೆಗೆ ದಂಡವಿತ್ತು. ಕನ್ನಡದಲ್ಲಿ ಒಂದು ಪುಟ ಬರೆದು, ಸಹಿ ಪಡೆದು, ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿಟ್ಟರೆ ಕೆಲಸ ಮುಗಿಯಿತು. ಉಳಿದ ಐವರಿಗೆ ಈ ವಾರವೇ ಕೊಡಿ.

ಪ್ರಶ್ನೆ: ಹಾಗಾದರೆ ಪಾಲಿಸಿ ಮಾಡಿಸುವಾಗ ಏನು ನೋಡಬೇಕು? ನಮ್ಮದು ಶಿವಮೊಗ್ಗದಲ್ಲಿ ವೆಲ್ಡಿಂಗ್ ಶಾಪ್.

ಉತ್ತರ: ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಶನ್, ಅಂದರೆ ಕಾರ್ಮಿಕರ ಪರಿಹಾರ) ಪಾಲಿಸಿ ಎಂದು ಕೇಳಿದರೆ ಯಾವ ಸಾಮಾನ್ಯ ವಿಮಾ ಕಂಪನಿಯವರಿಗೂ ಅರ್ಥವಾಗುತ್ತದೆ. ಪ್ರೀಮಿಯಂ ನಿಂತಿರುವುದು ವರ್ಷದ ಒಟ್ಟು ಸಂಬಳ ಮತ್ತು ಕೆಲಸದ ಅಪಾಯದ ಮೇಲೆ. ಹಣ ಉಳಿಸಲು ಏಳು ಜನರಲ್ಲಿ ನಾಲ್ವರನ್ನು ತೋರಿಸುವುದು, ₹18,000 ಸಂಬಳವನ್ನು ₹8,000 ಎಂದು ಬರೆಯುವುದು, ಎತ್ತರದಲ್ಲಿ ವೆಲ್ಡಿಂಗ್ ಮಾಡುವವನನ್ನು ‘ಹೆಲ್ಪರ್’ ಎನ್ನುವುದು: ಕ್ಲೇಮ್ ಬಿದ್ದುಹೋಗುವುದು ಅಥವಾ ಅರೆಬರೆ ಸಿಗುವುದು ಹೀಗೆ. ಸೈಟಿಗೆ ಹೋಗಿ ಗೇಟು, ಟ್ರಸ್ ಕೂರಿಸುತ್ತೀರಾದರೆ ಹೊರಗಿನ ಕೆಲಸದ ಜಾಗವೂ ಪಾಲಿಸಿಯಲ್ಲಿ ಬರಬೇಕು. ಗುತ್ತಿಗೆ ಹುಡುಗರನ್ನೂ ಸೇರಿಸಿ, ಅವರಿಗೆ ಪೆಟ್ಟಾದರೆ ಮೊದಲು ಕೇಳುವುದು ನಿಮ್ಮನ್ನೇ. ವೈದ್ಯಕೀಯ ವೆಚ್ಚಕ್ಕೆ ಹೆಚ್ಚುವರಿ ಪ್ರೀಮಿಯಂ ಕೊಟ್ಟು ಮಿತಿ ಹೇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಆ ಖರ್ಚು ನಿಮ್ಮ ಮೇಲೇ ಉಳಿದೀತು. ಬಡ್ಡಿ ಸೇರಿದೆಯೋ ಇಲ್ಲವೋ ಓದಿ ನೋಡಿ. ತಡ ಮಾಡಿದ್ದಕ್ಕೆ ಬೀಳುವ ದಂಡವಂತೂ ವಿಮಾ ಕಂಪನಿಯ ಹೊಣೆಯಲ್ಲ ಎಂದು 1997ರಲ್ಲೇ ಸುಪ್ರೀಂ ಕೋರ್ಟ್ ತೀರ್ಪಾಗಿದೆ. ಪಾಲಿಸಿ ಇದ್ದರೂ ಅಪಘಾತವಾದ ದಿನವೇ ಕಂಪನಿಗೆ ಲಿಖಿತವಾಗಿ ತಿಳಿಸುವುದು ಇದಕ್ಕೇ.

ಕಾರ್ಮಿಕರಿಗೆ ಬ್ಯಾಂಕಿನಲ್ಲಿ ವರ್ಷಕ್ಕೆ ₹20ರ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇನೆ, ಸಾಕಲ್ಲ ಎಂದು ಕೇಳುವವರಿದ್ದಾರೆ. ಸಾಲದು. ಅದು ಕಾರ್ಮಿಕನ ವೈಯಕ್ತಿಕ ವಿಮೆ. ಆ ₹2 ಲಕ್ಷ ಬಂದರೂ ನಿಮ್ಮ ಹೊಣೆಯಲ್ಲಿ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ಶಿರಸಿ ಕಡೆ ಎರಡು ಎಕರೆ ಅಡಿಕೆ ತೋಟ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ವರ್ಷಕ್ಕೆ ಕೆಲವೇ ದಿನ ಬರುತ್ತಾನೆ. ಮರದಿಂದ ಬಿದ್ದರೆ ನಾನು ‘ಮಾಲೀಕ’ ಆಗುತ್ತೇನೆಯೇ?

ಉತ್ತರ: ಆಗಬಹುದು. ನಾಲ್ಕು ದಿನದ ಕೆಲಸ ಎಂಬ ರಕ್ಷಣೆ ಈಗಿಲ್ಲ; ತಾತ್ಕಾಲಿಕ ಕೆಲಸಗಾರರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿಯಲ್ಲಿ ತೆಗೆದುಹಾಕಿದರು. ಭೂಮಿಯ ಸಾಗುವಳಿ ಕೆಲಸವೂ ಕಾಯ್ದೆಯ ಪಟ್ಟಿಯಲ್ಲಿದೆ. ನೀವೇ ಕರೆಸಿ, ನೀವೇ ದಿನಗೂಲಿ ಕೊಟ್ಟು ಕೊನೆ ಇಳಿಸಿದರೆ ಹೊಣೆ ನಿಮ್ಮದೇ. 45 ವರ್ಷದವನು ತೀರಿಹೋದರೆ, ಸಂಬಳದ ಮಿತಿ ₹15,000 ಎಂದೇ ಹಿಡಿದು, ಅರ್ಧವನ್ನು 169.44ರಿಂದ ಗುಣಿಸಿದರೆ ₹12,70,800. ಸಾವಿನ ಪರಿಹಾರವನ್ನು ಮನೆಯವರ ಕೈಗೆ ಕೊಟ್ಟರೆ ಕೊಟ್ಟಂತೆ ಲೆಕ್ಕವಿಲ್ಲ, ಆಯುಕ್ತರ ಬಳಿಯೇ ಠೇವಣಿ ಇಡಬೇಕು. ದುಃಖದ ಮನೆಗೆ ನೋಟಿನ ಕಟ್ಟು ಒಯ್ದು ಕೊಟ್ಟವರು ಆಮೇಲೆ ಎರಡನೇ ಸಲ ಕಟ್ಟಬೇಕಾಗಬಹುದು.

ಫಸಲನ್ನೇ ಚೇಣಿಗೆ (ಗುತ್ತಿಗೆಗೆ) ಕೊಟ್ಟಿದ್ದು, ಕೊನೆಗೌಡನನ್ನು ಚೇಣಿದಾರರೇ ಕರೆಸಿ ಕೂಲಿ ಕೊಡುವುದಾದರೆ ಪ್ರಧಾನ ಹೊಣೆ ಅವರದು. ಬಾಯಿಮಾತಿನ ಚೇಣಿಯಲ್ಲಿ ಮಾತ್ರ ಇದನ್ನು ಸಾಬೀತು ಮಾಡುವುದು ಕಷ್ಟ. ಕೂಲಿ, ವಿಮೆ ಯಾರದು ಎಂದು ಎರಡು ಸಾಲು ಬರೆಸಿಕೊಳ್ಳಿ. ನೆಲದಿಂದಲೇ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ಕೊಯ್ಯಿಸುವವರಿಗೆ ಬೀಳುವ ಅಪಾಯವಿಲ್ಲ, ಆದರೆ ಲೋಹದ ದೋಟಿ ವಿದ್ಯುತ್ ತಂತಿಗೆ ತಗುಲುವ ಅಪಾಯವಿದೆ. ಅದಕ್ಕೂ ಇದೇ ಹೊಣೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬೇಕರಿ ಘಟಕ. ನಮ್ಮ ಎಂಟು ಜನ, ಗುತ್ತಿಗೆದಾರರ ಕಡೆಯವರು ನಾಲ್ವರು. ಹಾಜರಿ ಪುಸ್ತಕದಲ್ಲಿ ಎಂಟೇ ಇರುವುದರಿಂದ ಇಎಸ್‌ಐ (ನೌಕರರ ರಾಜ್ಯ ವಿಮೆ) ಬೇಡ ಎಂದು ಲೆಕ್ಕಿಗರು ಹೇಳುತ್ತಾರೆ.

ಉತ್ತರ: ಅವರ ಲೆಕ್ಕ ತಪ್ಪು. ಗುತ್ತಿಗೆಯವರೂ ಸೇರಿ 12 ಜನ, ಹತ್ತು ಅಥವಾ ಹೆಚ್ಚು ಇದ್ದರೆ ಇಎಸ್‌ಐ ಕಡ್ಡಾಯ. ಮೇಲೆ ಹೇಳಿದ ‘ಪಾಲಿಸಿ ಇಲ್ಲದಿದ್ದರೆ ದಂಡವಿಲ್ಲ’ ಎಂಬ ಮಾತು ನಿಮಗೆ ಅನ್ವಯಿಸುವುದಿಲ್ಲ. ಒಮ್ಮೆ ವ್ಯಾಪ್ತಿಗೆ ಬಂದ ಮೇಲೆ ಜನ ಒಂಬತ್ತಕ್ಕೆ ಇಳಿದರೂ ಹೊರಬರಲಾಗದು.

ವೆಚ್ಚ ಹೆದರುವಂಥದ್ದೇನಲ್ಲ. ₹21,000ದವರೆಗಿನ ಸಂಬಳದವರಿಗೆ ಮಾಲೀಕರ ಪಾಲು ಶೇ 3.25, ನೌಕರರದು ಶೇ 0.75. ₹15,000 ಸಂಬಳಕ್ಕೆ ನಿಮ್ಮಿಂದ ₹487.50, ಅವರಿಂದ ₹112.50. ಕಟ್ಟದಿದ್ದರೆ ಬಾಕಿಯ ಮೇಲೆ ಶೇ 12 ಬಡ್ಡಿ, ಜೊತೆಗೆ ನಷ್ಟಭರ್ತಿ. ನೌಕರರ ಪಾಲನ್ನು ಸಂಬಳದಲ್ಲಿ ಹಿಡಿದು ಕಟ್ಟದೆ ಉಳಿಸಿಕೊಂಡರೆ ಹೊಸ ಸಂಹಿತೆಯಲ್ಲಿ ಒಂದರಿಂದ ಮೂರು ವರ್ಷ ಜೈಲು, ₹1 ಲಕ್ಷ ದಂಡ. ಮೊದಲ ಪ್ರಶ್ನೆಯಲ್ಲಿ ಬಂದ ಜೈಲಿನ ಕಥೆ ಬಹುಶಃ ಇದೇ. ನೋಂದಣಿ ಇಲ್ಲದ ಹೊತ್ತಿನಲ್ಲಿ ಮಿಕ್ಸರ್‌ಗೆ ಕೈ ಸಿಕ್ಕಿತೆನ್ನಿ: ನಿಗಮ ಕಾರ್ಮಿಕನಿಗೆ ಸೌಲಭ್ಯ ಕೊಟ್ಟು, ಅದರ ಮೌಲ್ಯವನ್ನು ನಿಮ್ಮಿಂದ ವಸೂಲಿ ಮಾಡಬಹುದು.

ಪೋರ್ಟಲ್‌ನಲ್ಲಿ ಈ ವಾರವೇ ನೋಂದಾಯಿಸಿ, ಜನ ಹತ್ತು ಮುಟ್ಟಿದ ನಿಜವಾದ ದಿನಾಂಕವನ್ನೇ ಹಾಕಿ, ಹಿಂಬಾಕಿ ಕಟ್ಟಿ. ಮುಂದೆ ಯಾರೇ ಸೇರಿದರೂ ಅದೇ ದಿನ ವಿಮಾ ಸಂಖ್ಯೆ ತೆಗೆಸಿ. ಅಪಘಾತವಾದ ಮರುದಿನ ತೆಗೆಸಿದ ಸಂಖ್ಯೆಯನ್ನು ಇಎಸ್‌ಐ ಕಚೇರಿ ಅನುಮಾನದಿಂದಲೇ ನೋಡುತ್ತದೆ. ಗುತ್ತಿಗೆದಾರರಿಗೆ ಹಣ ಬಿಡುಗಡೆ ಮಾಡುವ ಮುನ್ನ ಆ ನಾಲ್ವರ ಹೆಸರಿರುವ ಚಲನ್ ಪ್ರತಿ ಕೇಳಿ. ಅವರು ಕಟ್ಟದಿದ್ದರೆ ನೀವೇ ಕಟ್ಟಿ ಅವರ ಬಿಲ್ಲಿನಲ್ಲಿ ಹಿಡಿದುಕೊಳ್ಳಬಹುದು.